ಇಡೀ ಎಕ್ಸ್‌ಚೇಂಜಿಗೆ ಗೊತ್ತಿದ್ದ ಗುಟ್ಟು

ಮೂವತ್ತೆರಡು ವರ್ಷ ದುಡಿದು ನಿವೃತ್ತಳಾದ ದಿನವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಹೊಸಬಳು’ ಎಂದೇ. ಆ ಕೋಣೆಯ ಬೋರ್ಡು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ತನ್ನ ಮೊದಲ ಆರು ತಿಂಗಳು ನೆನಪಾದರೆ ಅವಳಿಗೆ ಈಗಲೂ ಒಳಗೊಳಗೇ ನಗು ಉಕ್ಕುತ್ತದೆ.

ಎರಡನೇ ಮಹಡಿಯ ಉದ್ದನೆಯ ಕೋಣೆ ಅದು. ಗೋಡೆಯುದ್ದಕ್ಕೂ ತೂತುಗಳ ಬೋರ್ಡು, ಅದರೆದುರು ಎತ್ತರದ ಕುರ್ಚಿಗಳಲ್ಲಿ ಒಂಬತ್ತು ಹೆಂಗಸರು. ದೀಪ ಮಿನುಗಿದ ಕಡೆ ವೈರು ಚುಚ್ಚಿದರೆ ಊರು ಊರಿಗೆ ಮಾತು ಸಿಗುತ್ತಿತ್ತು. ಅವರ ಬೆನ್ನ ಹಿಂದೆ ಮೇಲ್ವಿಚಾರಕಿ ಠಾಕುಠೀಕಾಗಿ ಓಡಾಡುತ್ತಿದ್ದರು. ಎದುರಿಗೆ ‘ಮೇಡಂ’, ಮರೆಯಲ್ಲಿ ‘ದೊಡ್ಡಮ್ಮ’. ಜಗತ್ತು ತಿರುಗುವುದು ತಮ್ಮ ಅಪ್ಪಣೆ ಪಡೆದೇ ಎಂದು ಅವರು ನಂಬಿದ್ದರು. “ನಾವು ಲೈನು ಕೊಡೋರು, ಕಿವಿ ಕೊಡೋರಲ್ಲ” ಎಂದು ದಿನಾ ಬೆಳಿಗ್ಗೆ ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದರು. ಎಲ್ಲರೂ ಹೇಳುತ್ತಿದ್ದರು, ಎಲ್ಲರೂ ಕದ್ದು ಕೇಳುತ್ತಿದ್ದರು.

ಹೊಸಬಳಿಗೆ ಆರು ತಿಂಗಳ ಪರೀಕ್ಷೆ. ಆಮೇಲೆ ಸಾಹೇಬರ ಸಹಿ ಬಿದ್ದರೆ ಕೆಲಸ ಕಾಯಂ. ನಾಲ್ಕನೇ ತಿಂಗಳು ಮುಗಿಯುವಾಗ ತಾನು ಬಸುರಿ ಎಂದು ಅವಳಿಗೆ ಖಾತ್ರಿಯಾಯಿತು. ಹಿಂದಿನ ವರ್ಷ ಹೀಗೇ ಆದವಳೊಬ್ಬಳು ನಿಯತ್ತಾಗಿ ಹೇಳಿಕೊಂಡಿದ್ದಳು. “ಬಾಣಂತನ ಮುಗಿಸ್ಕೊಂಡು ಬಾಮ್ಮ” ಎಂದು ಕಳಿಸಿದ ಸಾಹೇಬರು ಮತ್ತೆ ಅವಳನ್ನು ಕರೆಯಲೇ ಇಲ್ಲ.

ಪರ ಊರಲ್ಲಿದ್ದ ಅಕ್ಕನನ್ನು ಕೇಳೋಣವೆಂದು ಹೊಸಬಳು ಮೂಲೆಯಂಗಡಿಯಿಂದ ಟ್ರಂಕ್ ಕಾಲ್ ಹಾಕಿದಳು. ಕರೆ ತನ್ನ ಕೋಣೆಯ ಮೇಲೆಯೇ ಹೋಗಬೇಕಲ್ಲ! ಅದಕ್ಕೆ ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ಗಂಡುದನಿಯಲ್ಲಿ ನಂಬರು ಹೇಳಿದಳು. ಬಲು ಜಾಣತನ. ಆದರೆ ಅಕ್ಕ ಸಿಕ್ಕಾಗ ಲೈನು ಬರೀ ಗರಗರ. ಕರ್ಚೀಫು ಎಲ್ಲಿ ಹೋಯಿತೋ, ಅಂಗಡಿಯ ತಕ್ಕಡಿ ಅಲುಗುವ ಹಾಗೆ ಕಿರುಚಿದಳು:

“ಅಕ್ಕಾ, ನಂಗೆ ಎರಡು ತಿಂಗಳು! ಆಫೀಸಲ್ಲಿ ಹೇಳ್ಲಾ, ಬೇಡ್ವಾ?”

“ಕಾಯಂ ಆಗೋವರೆಗೂ ಬಾಯಿಗೆ ಬೀಗ ಹಾಕ್ಕೊಳೇ!” ಅಕ್ಕನೂ ಕಿರುಚಿದಳು.

ಮರುದಿನದ ಹೊತ್ತಿಗೆ ದೊಡ್ಡಮ್ಮನೂ ಸೇರಿ ಇಡೀ ಕೋಣೆಗೆ ವಿಷಯ ಗೊತ್ತು. ಆದರೆ ಗೊತ್ತು ಎಂದರೆ ಕದ್ದು ಕೇಳಿದ್ದನ್ನು ಒಪ್ಪಿಕೊಂಡಂತೆ. ಹಾಗಾಗಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಎದ್ದು ಕೈ ಚಾಚಬೇಕಿದ್ದ ನಡುಬೋರ್ಡಿನಿಂದ ದೊಡ್ಡಮ್ಮ ಅವಳನ್ನು ಕಿಟಕಿ ಪಕ್ಕದ ಮೂಲೆಗೆ ಕೂರಿಸಿದರು. ಅಲ್ಲಿ ಕುರ್ಚಿಯೂ ಕುಳ್ಳು, ಕರೆಯೂ ಕಮ್ಮಿ.

ಹೊಸಬಳಿಗೆ ತಾನು ಕಿರುಚಿದ್ದು ಸ್ವಂತ ದನಿಯಲ್ಲಿ ಎಂಬುದೇ ಹೊಳೆದಿರಲಿಲ್ಲ. ಮನೆಗೆ ಬಂದು ಗಂಡನೆದುರು ಅತ್ತಳು: “ಕೈ ಸಾಗಲ್ಲ ಅಂತ ಮೂಲೆಗೆ ತಳ್ಳಿದ್ರು ಕಣ್ರೀ.” ಎರಡು ತಿಂಗಳು ಹೀಗೇ ಕೊರಗಿ, ಕೊನೆಗೆ ಕೈಲಾಗದವಳು ಅನ್ನಿಸಿಕೊಳ್ಳುವುದಕ್ಕಿಂತ ನಿಜ ಹೇಳಿ ಹೋಗುವುದೇ ಮೇಲೆಂದು ಒಂದು ಶುಕ್ರವಾರ ದೊಡ್ಡಮ್ಮನ ಮುಂದೆ ನಿಂತಳು.

“ಮೇಡಂ, ಒಂದು ವಿಷಯ ಹೇಳ್ಬೇಕಿತ್ತು.”

ದೊಡ್ಡಮ್ಮ ಗಬಕ್ಕನೆ ಹೆಡ್‌ಫೋನು ಏರಿಸಿಕೊಂಡರು. “ಏನೂ ಕೇಳಿಸ್ತಿಲ್ಲ.”

“ಅದೇ ಮೇಡಂ, ನನಗೆ…”

“ಲೈನು ಸರಿಯಿಲ್ಲಮ್ಮ!”

“ನಾನು ಎದುರಿಗೇ ನಿಂತಿದೀನಲ್ಲ ಮೇಡಂ?”

“ಎದುರಿಗಿದ್ರೂ ಅಷ್ಟೇ. ನಾಳೆ ಸಾಹೇಬ್ರು ನಿನ್ನ ಕಾಗದಕ್ಕೆ ಸಹಿ ಹಾಕ್ತಾರೆ. ಸೋಮವಾರ ಲೈನು ಸರಿಹೋಗುತ್ತೆ, ಆಗ ಹೇಳು. ನಡಿ, ದೀಪ ಮಿನುಗ್ತಿದೆ.”

ಶನಿವಾರ ಸಹಿ ಬಿತ್ತು. ಸೋಮವಾರ ಹೊಸಬಳು ಮತ್ತೆ ದೊಡ್ಡಮ್ಮನ ಮುಂದೆ ನಿಂತು, “ಮೇಡಂ, ನಾನು ಬಸುರಿ” ಎಂದಳು.

ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟು, ಕಣ್ಣರಳಿಸಿ, ಕುರ್ಚಿ ಹಿಡಿದು ಕುಸಿದರು. “ಹೌದಾ! ನಂಗೆ ಕನಸಲ್ಲೂ ಗೊತ್ತಿರ್ಲಿಲ್ಲ ಕಣೇ! ಐದಕ್ಕೆ ಬಿದ್ದಿದೆ, ಇನ್ಮೇಲೆ ಮೆಟ್ಲು ಓಡೋಡಿ ಹತ್ಬೇಡ.”

ಎಷ್ಟು ತಿಂಗಳೆಂದು ಹೊಸಬಳು ಇನ್ನೂ ಹೇಳಿರಲಿಲ್ಲ.

ಬೋರ್ಡಿನ ಮುಂದೆ ಎಂಟು ಜೊತೆ ಕೈಗಳು ಗಕ್ಕನೆ ನಿಂತವು. ಊರ ಮಾತೆಲ್ಲ ಅರೆಗಳಿಗೆ ತಡೆಯಿತು. ಮೊದಲು ನಕ್ಕವಳು ಹೊಸಬಳೇ. “ಏನ್ರೇ, ಹಲ್ಲು ಕಿರಿಯೋಕೆ ಸಂಬಳನಾ?” ಎಂದು ಗದರಿ ದೊಡ್ಡಮ್ಮ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಬೆನ್ನೂ ಕುಲುಕುತ್ತಿತ್ತು.