ಅರಿಶಿನ ಹಚ್ಚಿದ ಹಾಳೆ

ನಾನು ಚಿಕ್ಕವನಿದ್ದಾಗ, ಕೆಲಮಂಗಲದ ಹತ್ತಿರದ ನಮ್ಮ ಕನ್ನಡ ಶಾಲೆಯಲ್ಲಿ ಮಹಾಪುರುಷರು ದಿನಕ್ಕೆ ಇಬ್ಬರಂತೆ ಹುಟ್ಟುತ್ತಿದ್ದರು. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಒಬ್ಬ ಹುಡುಗ ಮನೆಯಿಂದ ತಂದ ಕ್ಯಾಲೆಂಡರ್ ಹಾಳೆ ಹಿಡಿದು ಮುಂದೆ ಬಂದು, ಅದೇ ತಾರೀಕಿನಲ್ಲಿ ಹಿಂದೆ ಯಾರು ಹುಟ್ಟಿದರು, ಯಾವ ರಾಜ ಗೆದ್ದ ಎಂದು ಕೂಗಿ ಹೇಳಬೇಕು. ಚೆನ್ನಾಗಿ ಹೇಳಿದವನ ಹಾಳೆಯನ್ನು ಮೇಷ್ಟ್ರು ಗಂಜಿ ಬಳಿದು ಗೋಡೆಗೆ ಅಂಟಿಸುತ್ತಿದ್ದರು. ಆ ಗೋಡೆ ಸೇರುವುದೇ ಆಗ ನನಗೆ ಮೋಕ್ಷ.

ನನ್ನ ಸರದಿಯ ದಿನ ನಮ್ಮ ಮನೆಯ ತಮಿಳು ಕ್ಯಾಲೆಂಡರು ಕೈಕೊಟ್ಟಿತು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಅದು. ಆವತ್ತಿನ ಹಾಳೆಯಲ್ಲಿ ರಾಹುಕಾಲ ಬಿಟ್ಟರೆ ಏನೂ ಇಲ್ಲ! ಚರಿತ್ರೆಗೆ ಆ ದಿನ ರಜೆ. ಅಳುಮುಖ ಮಾಡಿಕೊಂಡು ದೇವರ ಕಡೆ ನೋಡಿದೆ. ಪಟದ ಹಿಂದಿನಿಂದ ಹಳೆಯ ಹಾಳೆಯೊಂದು ಇಣುಕುತ್ತಿತ್ತು. ಎಳೆದರೆ ಅದೇ ತಾರೀಕು, ಎಷ್ಟೋ ವರ್ಷ ಹಿಂದಿನದು! ಕರ್ಪೂರದ ವಾಸನೆ, ಮೂಲೆಗೆ ಅರಿಶಿನ. ಒಬ್ಬ ಸಂತರು, ಒಬ್ಬ ಸೇನಾಪತಿ ಹುಟ್ಟಿದ್ದರು. ಒಂದು ಕೋಟೆಯೂ ಬಿದ್ದಿತ್ತು. ಹಿಂಬದಿಯಲ್ಲಿ ಅಪ್ಪನ ಪೆನ್ಸಿಲ್ ಬರಹ. ಅಪ್ಪ ಬರೆದದ್ದು ಚರಿತ್ರೆಯಲ್ಲವಲ್ಲ, ನಾನು ಓದಲಿಲ್ಲ.

ಪ್ರಾರ್ಥನೆಯಲ್ಲಿ ಎದೆಯುಬ್ಬಿಸಿ ಕೂಗಿದೆ. ಮೇಷ್ಟ್ರು ಹಾಳೆಯ ಬೆನ್ನಿಗೆ ಧಾರಾಳವಾಗಿ ಗಂಜಿ ಬಳಿದರು. ಮಧ್ಯಾಹ್ನ ಬುತ್ತಿ ತಂದ ಅಕ್ಕ ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಅಕ್ಷರ ಬಾರದ ಅಕ್ಕನಿಗೂ ನನ್ನ ಕೀರ್ತಿ ಮುಟ್ಟಿತೆಂದು ಬೀಗಿದೆ.

ಸಂಜೆ ಬಂದರೆ ಅಪ್ಪ ದೇವರ ಪಟಗಳನ್ನೆಲ್ಲ ಕೆಳಗಿಳಿಸಿದ್ದರು. ಅಕ್ಕನನ್ನು ಕೇಳಿಕೊಂಡು ಸೂಳಗಿರಿಯಿಂದ ಬಂದವರು ಜೋಯಿಸರ ಜೊತೆ ಜಗಲಿಯಲ್ಲಿ ಕೂತಿದ್ದರು. ಜಾತಕ ಬೇಕಂತೆ.

"ಇವ್ಳು ಹುಟ್ಟಿದ ದಿನದ ಹಾಳೆ ಕಣ್ಲಾ, ಹಿಂದ್ಗಡೆ ಗಳಿಗೆ ಬರ್ದು ಮಡಗಿದ್ದೆ. ನೋಡಿದ್ಯೇನ್ಲಾ?" ಎಂದರು ಅಪ್ಪ.

ಇಲ್ಲವೆಂದು ತಲೆಯಾಡಿಸಿದೆ. ಬರೆದಿಟ್ಟ ಧೈರ್ಯದಲ್ಲಿ ಅಪ್ಪ ತಾರೀಕನ್ನೂ ಮರೆತಿದ್ದರು. ಬೆಳಿಗ್ಗೆ ಇಡೀ ಶಾಲೆಗೆ ಕೇಳುವಂತೆ ಕೂಗಿದ ತಾರೀಕು ನನ್ನ ಗಂಟಲಲ್ಲೇ ಇತ್ತು. ಅಪ್ಪನ ಹುಣಿಸೆ ಬರಲಿನ ಏಟು ನೆನಪಾಗಿ ನುಂಗಿಕೊಂಡೆ.

"ನಾನೇ ಕಸದ ಜೊತೆ ಗುಡ್ಸಿಬುಟ್ಟೆ ಅನ್ಸುತ್ತೆ, ಬಿಡಪ್ಪಾ" ಎಂದಳು ಅಕ್ಕ.

"ನಿನ್ ಹಣೆಬರಾನ ನೀನೇ ಗುಡ್ಸಾಕ್ದಲ್ಲೇ!"

ಅಪ್ಪ ಹೊರಗೆ ಹೋಗಿ, ಸ್ವಂತ ಮಗಳು ಹುಟ್ಟಿದ ದಿನ ಗೊತ್ತಿಲ್ಲವೆಂದು ತಲೆ ತಗ್ಗಿಸಿ ಹೇಳಿದರು. ಜೋಯಿಸರು ಹೆಸರಿನ ಮೇಲೆ ನಕ್ಷತ್ರ ಹಿಡಿದು ಹೇಗೋ ಮದುವೆ ಕೂಡಿಸಿದರು. ಆವತ್ತು ಬೈಗುಳ ತಿಂದವಳು ಅಕ್ಕ, ಮುದ್ದೆ ತಿಂದವನು ನಾನು.

ಮಕ್ಕಳೇ, ಇವತ್ತು ಬೆಳಿಗ್ಗೆ ನೀವು ಫೋನ್ ನೋಡಿ, "ತಾತ, ಇವತ್ತು ಯಾರ್ಯಾರು ಹುಟ್ಟಿದ್ರು ಗೊತ್ತಾ?" ಎಂದು ಪಟ್ಟಿ ಓದಿದಿರಲ್ಲ, ಅದೇ ತಾರೀಕು. ಅದೇ ಸಂತರು, ಅದೇ ಸೇನಾಪತಿ. "ಸೂಳಗಿರಿ ಅಜ್ಜಿಯೂ" ಎಂದುಬಿಟ್ಟೆ. ನೀವು ಕೂಡಲೇ ಫೋನ್ ಮಾಡಿ ಹಾಡು ಹೇಳಿದಿರಿ. ಆಮೇಲೆ ನಾನು ಫೋನ್ ತೆಗೆದುಕೊಂಡು ತಪ್ಪೊಪ್ಪಿಕೊಂಡೆ.

"ಗೊತ್ತು ಕಣ್ಲಾ" ಎಂದಳು ಅಕ್ಕ. "ಅರಿಶಿನ ಹಚ್ಚಿದ್ ಹಾಳೆ ಗೋಡೆ ಮೇಲೆ ನೋಡ್ಲಿಲ್ವಾ ನಾನು? ಅಪ್ಪ ನಿನ್ ಚರ್ಮ ಸುಲ್ದುಬುಡ್ತಿತ್ತು, ಅದ್ಕೇ ಸುಮ್ಕಿದ್ದೆ. ತಾರೀಕು ಯಾವ್ದು ಅಂತ ಒಂದಲ್ಲ ಒಂದಿನ ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ನಿಮ್ಮ ಫೋನು ಊರಿನವರ ಹುಟ್ಟಿದ ದಿನವನ್ನೆಲ್ಲ ಕೇಳದೆಯೇ ಹೇಳುತ್ತದೆ. ನಮ್ಮ ಮನೆಯಲ್ಲಿ ಅಕ್ಕನದು ಒಂದೇ ಒಂದು ಹಾಳೆಗೆ ಗೊತ್ತಿತ್ತು, ಆಮೇಲೆ ನನಗೆ. ಹಾಳೆಯ ಬಾಯಿಗೆ ಮೇಷ್ಟ್ರು ಗಂಜಿ ಬಳಿದಿದ್ದರು. ನನ್ನ ಬಾಯಿಗೆ ಯಾರೂ ಬಳಿದಿರಲಿಲ್ಲ.