ಗಂಟಾದ ಮುದ್ದೆಯ ಪಾಠ

ನಾನು ರಾಮನಗರದ ಕಾಲೇಜೊಂದರಲ್ಲಿ ಬಿಎಸ್ಸಿಯವರಿಗೆ ಭೌತಶಾಸ್ತ್ರ ಹೇಳುವ ಮೇಷ್ಟ್ರು. ಪಾಠದ ವಿಡಿಯೋ ಮಾಡುವ ಹುಚ್ಚು ನನಗೆ ಹತ್ತಿದ್ದು ಸಿಟ್ಟಿನಿಂದ. ಶಾಖದ ಪಾಠಕ್ಕೆ ಅಂತ ಎಲ್ಲಿಂದಲೋ ತರಿಸಿದ ವಿಡಿಯೋದಲ್ಲಿ ಒಬ್ಬ ದಪ್ಪ ಕೋಟು ಹಾಕಿಕೊಂಡು, ಹಿಮದ ಮೇಲೆ ನಿಂತು, ಮನೆ ಬೆಚ್ಚಗಿಡುವುದು ಹೇಗೆ ಅಂತ ವಿವರಿಸುತ್ತಿದ್ದ. ನಮ್ಮ ಮಾಗಡಿ, ಕನಕಪುರದ ಮಕ್ಕಳು ಹಿಮ ಕಂಡಿದ್ದರೆ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಕಂಡಿರಬೇಕು. ಕೊನೇ ಬೆಂಚಿನವರು ಆರಾಮಾಗಿ ನಿದ್ದೆ ಹೊಡೆದರು. ಬೈಯೋಣ ಅಂದರೆ ನನಗೇ ಆಕಳಿಕೆ ಬಂದಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಎಗರಾಡಿದೆ. ಅವಳು ಸೋಲೂರು ಕಡೆಯ ಬೇಸಾಯಗಾರರ ಮಗಳು, ನನ್ನ ಎಗರಾಟಕ್ಕೆಲ್ಲ ಸೊಪ್ಪು ಹಾಕುವವಳಲ್ಲ. "ಇಷ್ಟೊಂದು ಉರ್ಕೊಳೋ ಬದ್ಲು ನೀವೇ ಒಂದು ಮಾಡಿ. ಫೋನು ನಾನು ಹಿಡ್ಕೋತೀನಿ" ಅಂದಳು.

ಮೊದಲನೆಯದನ್ನು ಚನ್ನಪಟ್ಟಣದಲ್ಲಿ ತೆಗೆದೆವು. ಪರಿಚಯದ ಸಾಹೇಬರೊಬ್ಬರು ಗೊಂಬೆ ಕಡೆಯುತ್ತಿದ್ದರು. ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ನಾನು ಗಂಭೀರವಾಗಿ ಶುರು ಮಾಡಿದ್ದೆ. ಫೋನು ಹಿಡಿದವಳು ಸುಮ್ಮನಿರಬೇಕೋ ಬೇಡವೋ? "ಬೆಂಕೀನೇ ಇಲ್ವಲ್ರೀ, ಹೆಂಗ್ ಕರಗ್ತದೆ?" ಅಂದುಬಿಟ್ಟಳು. ಇನ್ನೊಂದು ಸಲ ತೆಗೆಯೋಣ ಅಂದರೆ, "ಕೇಳಿದ್ದಕ್ಕೆ ಮೊದ್ಲು ಉತ್ರ ಹೇಳಿ" ಅಂದಳು. ಹೇಳಿದೆ. ಬರುವಾಗ ಕೆಂಗಲ್ಲಿನಲ್ಲಿ ಬಸ್ಸಿಳಿದು ಆಂಜನೇಯನಿಗೆ ಕೈಮುಗಿದು, ಕಡ್ಲೆಕಾಯಿ ತಿನ್ನುತ್ತಾ ಮುಂದಿನ ಬಸ್ಸಿಗೆ ಕಾದೆವು. ಕ್ಲಾಸಿನಲ್ಲಿ ಆ ವಿಡಿಯೋ ಹಾಕಿದಾಗ ಕೊನೇ ಬೆಂಚು ಎದ್ದು ಕೂತಿದ್ದು ನನ್ನ ಮಾತಿಗಲ್ಲ, ಅವಳ ಪ್ರಶ್ನೆಗೆ.

ಎರಡನೆಯದು ಮುದ್ದೆಯದು. ನಮ್ಮ ಅಡುಗೆಮನೆಯಲ್ಲೇ ತೆಗೆದದ್ದು. ಎಸರು ಕುದಿಯುತ್ತಿತ್ತು. ರಾಗಿಹಿಟ್ಟು ಗುಡ್ಡೆ ಹಾಕಿ, ಶಾಖ ಹೇಗೆ ಹರಿಯುತ್ತದೆ ಅಂತ ಹೇಳುವ ಭರದಲ್ಲಿ ಮುದ್ದೆ ಕೋಲು ಎತ್ತಿಕೊಂಡೆ.

"ಒಸಿ ತಡೀರಿ" ಅಂದಳು. "ಈಗ್ಲೇ ಕೋಲಾಕ್ಬೇಡಿ, ಗಂಟಾಯ್ತದೆ."

ಅಷ್ಟರಲ್ಲಿ ತಿರುವಿ ಆಗಿತ್ತು. ಹಿಟ್ಟು ಬೇಯುವ ಮೊದಲೇ ತಿರುವಿದರೆ ಏನಾಗುತ್ತದೆ ಅಂತ ನಮ್ಮ ಕಡೆ ಹಸುಗೂಸಿಗೂ ಗೊತ್ತು. ಪಾತ್ರೆ ತುಂಬ ಗಂಟು. ಅವಳು ನಕ್ಕಳು, ನಗುವಿಗೆ ಫೋನೂ ಅಲ್ಲಾಡಿತು. "ಏನ್ ಮೇಷ್ಟ್ರೋ ಏನೋ. ಯಾಕೆ ಗಂಟಾಯ್ತದೆ ಅಂತನಾದ್ರೂ ಹೇಳಿ ಮತ್ತೆ."

ನಾನೂ ನಕ್ಕು ಒಂದು ಗಂಟು ಒಡೆದು ತೋರಿಸಿದೆ. ಹೊರಗಿನ ಹಿಟ್ಟು ಬಿಸಿ ತಾಗಿ ಬೆಂದು ಅಂಟಾಗುತ್ತದೆ, ಅದೇ ಗೋಡೆಯಾಗಿ ನೀರನ್ನು ಒಳಗೆ ಬಿಡುವುದಿಲ್ಲ, ಒಳಗೆ ಒಣ ಹಿಟ್ಟೇ ಉಳಿಯುತ್ತದೆ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅದಕ್ಕಿಂತ ಚೆನ್ನಾಗಿ ಯಾವತ್ತೂ ಹೇಳಿಲ್ಲ. ಮಕ್ಕಳು ಅದನ್ನು ಫೋನಿಂದ ಫೋನಿಗೆ ಹಂಚಿಕೊಂಡರು.

ಅವಳು ಹೋಗಿ ಎರಡನೇ ವರ್ಷ ನಡೆಯುತ್ತಿದೆ. ಜ್ವರ ಅಂತ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ನನ್ನ ಫೋನಿನಲ್ಲಿ ಅವಳ ದನಿ ಇದೆ, ಬೇಕಾದಾಗ ಕೇಳಬಹುದು. ಆದರೆ ಮನೆಯಲ್ಲಿ ಕೂತು ಕೇಳಿದರೆ ಅವಳ ಮಾತಿಗೆ ನಗುವವನು ನಾನೊಬ್ಬನೇ. ಕ್ಲಾಸಿನಲ್ಲಿ ಎಲ್ಲರೂ ಗೊಳ್ಳೆಂದು ನಗುತ್ತಾರೆ. ಆ ಗದ್ದಲ ಮುಗಿಯುವವರೆಗೆ ಅವಳು ಇದ್ದಾಳೆ ಅನ್ನಿಸುತ್ತದೆ. ಅದಕ್ಕೇ ಶಾಖದ ಪಾಠ ಬರುವುದನ್ನೇ ಕಾಯುತ್ತೇನೆ.

ಈ ವರ್ಷ ವಿಶ್ವವಿದ್ಯಾಲಯದವರು ಮುದ್ದೆ ವಿಡಿಯೋವನ್ನು ಎಲ್ಲ ಕಾಲೇಜಿಗೂ ಕಳಿಸುತ್ತೇವೆ ಅಂದರು. ವಿಡಿಯೋ ನೋಡಿಕೊಳ್ಳುವ ಹುಡುಗಿ ಫೋನು ಮಾಡಿ, "ಸಾರ್, ಹಿಂದಿನ ಸದ್ದೆಲ್ಲ ತೆಗೆದು ಕ್ಲೀನ್ ಮಾಡಿದೀವಿ. ನೋಡಿ, ಓಕೆ ಅಂತ ಹೇಳಿಬಿಡಿ" ಅಂದಳು. ಪಾಪ, ಒಳ್ಳೆಯದಕ್ಕೇ ಮಾಡಿದ್ದಳು. ನೋಡಿದೆ. ಪಕ್ಕದ ಮನೆಯ ಕುಕ್ಕರ್ ಸದ್ದು ಹೋಗಿತ್ತು, ಬಳೆ ಸದ್ದು ಹೋಗಿತ್ತು, ಅವಳೂ ಹೋಗಿದ್ದಳು. ತೆರೆಯ ಮೇಲೆ ನಾನು ಸುಮ್ಮನೆ ನಿಲ್ಲುತ್ತೇನೆ, ಯಾರನ್ನೋ ನೋಡಿ ನಗುತ್ತೇನೆ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಬೇಡವೇ ಬೇಡ ಅನ್ನಲು ಫೋನು ಎತ್ತಿಕೊಂಡೆ.

ಆದರೂ ಯೋಚಿಸಿದೆ. ವಿಡಿಯೋ ಇರುವುದು ಮಕ್ಕಳಿಗೆ, ನನ್ನ ಸಂಕಟಕ್ಕಲ್ಲ. ಅವಳಿಲ್ಲದೆಯೂ ಪಾಠ ತಲೆಗೆ ಹತ್ತುವುದಾದರೆ ಒಪ್ಪಿಕೊಳ್ಳಬೇಕು. ಹತ್ತದಿರಲಿ ಅಂತ ಒಳಗೊಳಗೇ ಬೇಡಿಕೊಳ್ಳುತ್ತಾ, ಏನೂ ಹೇಳದೆ ಕ್ಲಾಸಿನಲ್ಲಿ ಹೊಸದನ್ನು ಹಾಕಿದೆ.

ತೆರೆಯ ಮೇಲಿನ ನಾನು ಕೋಲು ಎತ್ತಿಕೊಂಡೆ. ಸದ್ದಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಾಗಡಿ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ, ತನಗೆ ತಾನೇ ಹೇಳಿಕೊಂಡ ಹಾಗೆ, "ಒಸಿ ತಡೀರಿ" ಅಂದಳು.

"ಈಗ್ಲೇ ಕೋಲಾಕ್ಬೇಡಿ" ಅಂತ ಇನ್ನೊಂದು ಬೆಂಚಿನಿಂದ ಬಂತು. "ಗಂಟಾಯ್ತದೆ" ಅಂದರು ಕೊನೇ ಬೆಂಚಿನವರು. ಹಳೆಯ ವಿಡಿಯೋ ಸೀನಿಯರ್‌ಗಳ ಫೋನಿನಿಂದ ಇವರಿಗೆ ಯಾವಾಗಲೋ ಬಂದಿತ್ತು. ಅವಳನ್ನು ಒಂದು ದಿನವೂ ನೋಡದ ಮಕ್ಕಳು ಅವಳ ರಾಗದಲ್ಲೇ ಎಲ್ಲರೂ ಒಟ್ಟಿಗೆ ಕೇಳಿದರು: "ಯಾಕೆ ಗಂಟಾಯ್ತದೆ ಅಂತನಾದ್ರೂ ಹೇಳಿ ಮತ್ತೆ."

ತೆರೆಯ ಮೇಲಿನ ನಾನು ನಕ್ಕು ಅವರಿಗೆ ಹೇಳತೊಡಗಿದೆ. ಇಲ್ಲಿದ್ದ ನಾನು ಬೋರ್ಡು ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

ಮಧ್ಯಾಹ್ನ ವಿಶ್ವವಿದ್ಯಾಲಯದ ಹುಡುಗಿಗೆ ಫೋನು ಮಾಡಿ, ಹಳೆಯದೇ ಇರಲಿ ಕಣಮ್ಮ, ಅದರಲ್ಲಿ ಪಾಠ ಶುರು ಮಾಡೋದು ನಾನಲ್ಲ ಅಂದೆ. ಅವಳು ಆಯ್ತು ಸಾರ್ ಅಂದಳು.

ಸಂಜೆ ಮನೆಗೆ ಬಂದು ಎಸರಿಟ್ಟೆ. ಈಗ ನನ್ನ ಮುದ್ದೆ ಗಂಟಾಗುವುದೇ ಇಲ್ಲ, ಕೈ ಪಳಗಿದೆ. ಅವತ್ತು ಮಾತ್ರ ಹಿಟ್ಟು ಹಾಕಿದ ಕೂಡಲೇ ಬೇಕಂತಲೇ ಕೋಲು ಎತ್ತಿಕೊಂಡೆ. ಒಂದು ಗಳಿಗೆ ಕಾದೆ. ಯಾರೂ ತಡೀರಿ ಅನ್ನಲಿಲ್ಲ. ತಿರುವಿ, ಗಂಟು ಒಡೆದುಕೊಂಡು ತಿಂದೆ.