ಒಂದೇ ಕಾಲಿಗೆ ಹೆಣೆದ ಚೀಲ

ಡಿಸೆಂಬರ್ 10, ಬುಧವಾರ, ಸಂಜೆ 5.40. ಬಸವಕಲ್ಯಾಣದಿಂದ ವೈನಿಯ ಫೋನು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಹೆರಿಗೆಗೆ ತವರಿಗೆ ಹೋದವಳು ಇನ್ನೂ ಅಲ್ಲೇ ಇದ್ದಾಳೆ.

"ರವಿವಾರ ತೊಟ್ಟಿಲಿಗೆ ಎಲ್ಲಾರೂ ಬರ್ತಾರ ರೂಪಾ. ಕೂಸಿನ ಕಾಲು ಮುಚ್ಚೂಹಂಗ ಏನರೆ ಹೆಣಕೊಂಡು ಬಾ."

ಕೂಸಿನ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿದೆ. ವಾರಕ್ಕೊಮ್ಮೆ ಹೊಸ ಪ್ಲಾಸ್ಟರ್, ಈಗಿನದು ನಾಲ್ಕನೆಯದು. ಸರಿಯಾಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ವೈನಿಗೆ ಹೆದರಿಕೆ ಪ್ಲಾಸ್ಟರಿನದಲ್ಲ, ಒಂದು ಪ್ರಶ್ನೆಯದು: ಗ್ರಹಣದಲ್ಲಿ ಏನು ಕೊಯ್ದಿದ್ದೆ? (ಬಸುರಿ ಗ್ರಹಣದ ಹೊತ್ತಿನಲ್ಲಿ ಕತ್ತರಿ, ಈಳಿಗೆ ಮುಟ್ಟಿದರೆ ಕೂಸಿಗೆ ಊನ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ.)

ಸೋದರತ್ತೆಯಾಗಿ ಕೂಸಿಗೆ ಕುಲಾಯಿ (ಕಿವಿ ಮುಚ್ಚುವ ಟೊಪ್ಪಿಗೆ) ಒಯ್ಯುವುದು, ಹೆಸರು ಕರೆಯುವುದು ನನ್ನ ಪಾಲಿನ ಕೆಲಸ. ಕುಲಾಯಿ ಸಿದ್ಧವಿತ್ತು. ಕಾಲುಚೀಲ? ಪ್ಲಾಸ್ಟರ್ ತೊಡೆಯಿಂದ ಬೆರಳಿನವರೆಗೆ ಇದೆ, ಅದೂ ಮೊಣಕಾಲಲ್ಲಿ ಬಾಗಿದೆ. ನೆಟ್ಟಗಿನ ಚೀಲ ಏರುವುದೇ ಇಲ್ಲ.

ಹುಮನಾಬಾದಿನ ನಮ್ಮ ಓಣಿಯ ಶಾಹೀನ್ ಆಪಾ ಸ್ವೆಟರ್ ಹೆಣೆಯುತ್ತಾರೆ. ಅಲ್ಲಿಗೆ ಓಡಿದೆ.

"ಸಾಲು ಪೂರಾ ಮಾಡಬ್ಯಾಡ," ಎಂದರು ಆಪಾ. "ನಡುವನ ತಿರುಗು. ಉಳದ ಕುಣಿಕಿ ಸೂಜಿ ಮ್ಯಾಲೆ ಕಾಯ್ಲಿ, ಸಬರ್ ಮಾಡ್ಲಿ. ಒಂದು ಕಡೆ ಸಾಲು ಹೆಚ್ಚಾದ್ರ ಚೀಲ ತಾನೇ ಬಾಗ್ತದ."

ಎಂಟು ಸಲ ತಿರುಗಿದೆ. ಎಂಟು ತೂತು. ಅದನ್ನೂ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಾಗ ಆಪಾ ಕೇಳಿದರು:

"ತಿರುಗೂಮುಂದ ಪಕ್ಕದ ಕುಣಿಕಿಗೆ ದಾರ ಸುತ್ತಿದ್ಯೇನು? ಡೈರಿ ಬರಿಯಾಕ ಪುರಸತ್ತದ, ದಾರ ಸುತ್ತಾಕ ಇಲ್ಲ."

ಬಿಚ್ಚಿದೆ. ಗುರುವಾರ ಐದು ತೂತು. ಬಿಚ್ಚಿದೆ. ಶುಕ್ರವಾರ ಎರಡು. ಶನಿವಾರ ಒಂದು. ಇನ್ನು ಬಿಚ್ಚಲು ದಿನ ಉಳಿದಿರಲಿಲ್ಲ.

ರವಿವಾರ ಬಸವಕಲ್ಯಾಣದಲ್ಲಿ ಚೀಲ ಪ್ಲಾಸ್ಟರಿನ ಮೇಲೆ ಅಳತೆ ತೆಗೆದಂತೆ ಕೂತಿತು. ವೈನಿ ನನ್ನ ಕೈ ಒತ್ತಿದಳು. ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ವೈನಿಯ ದೊಡ್ಡಜ್ಜಿ ಬಗ್ಗಿ ನೋಡಿದರು.

"ಒಂದೇ ಕಾಲಿಗ್ಯಾಕ ಚೀಲ?"

ಕುಣಿಕೆ ಎಣಿಸಿದ್ದೆ, ತಿರುವು ಎಣಿಸಿದ್ದೆ, ತೂತು ಎಣಿಸಿದ್ದೆ. ಕೂಸಿನ ಕಾಲು ಎಣಿಸಿರಲಿಲ್ಲ. ಯಾವ ಕಾಲು ಮರೆಯಾಗಬೇಕಿತ್ತೋ ಅದರ ಮೇಲೆಯೇ ಈಗ ಎಲ್ಲರ ಕಣ್ಣು.

ಅಜ್ಜಿ ಚೀಲ ಮುಟ್ಟಿ ನೋಡಿದರು. ಒಳಗಿನದು ಗಟ್ಟಿ.

"ಗ್ರಹಣದಾಗ ಏನು ಕೊಯ್ದಿದ್ದೆವ್ವಾ?"

ವೈನಿ ಮುಂದೆ ಬಂದು ಚೀಲವನ್ನು ತಾನೇ ಮೆಲ್ಲಗೆ ಎಳೆದು ತೆಗೆದಳು.

"ಪ್ಲಾಸ್ಟರ್ ಅದ, ನೋಡ್ರಿ. ಇನ್ನ ಎರಡು ಹಾಕ್ತಾರ. ಗ್ರಹಣದ ದಿನ ನಾ ನಿಮ್ಮ ಮನ್ಯಾಗೇ ಇದ್ನಲ್ಲ ಅಜ್ಜಿ. ನನ್ನ ಮಂಚದಿಂದ ಇಳಿಯಾಕ ಬಿಡಲಿಲ್ಲ ನೀವು. ಏನು ಕೊಯ್ದೆ, ನೀವೇ ಹೇಳ್ರಿ."

ಅಜ್ಜಿ ನನ್ನ ಕಡೆ ತಿರುಗಿ, "ಹೆಸರು ಕರಿಯವ್ವ, ಹೊತ್ತಾತು," ಎಂದರು.

ಕರೆದೆ.

ಚೀಲ ಈಗ ಚಳಿಗೆ ಬಳಕೆಯಾಗುತ್ತಿದೆ. ಮೊಣಕಾಲ ಹತ್ತಿರದ ಒಂದು ತೂತು ಹಾಗೇ ಇದೆ. ಬಿಚ್ಚದೆ ಅದನ್ನು ಮುಚ್ಚುವ ಉಪಾಯ ಬಲ್ಲವರು ದಯವಿಟ್ಟು ಬರೆಯಿರಿ. ಹಾಗೆಯೇ, ಗ್ರಹಣದ ದಿನ ಕೂಸಿನ ಅಪ್ಪ ಏನು ಕೊಯ್ದ ಎಂದು ಕೇಳಿದ ಮನೆ ಎಲ್ಲಾದರೂ ಇದ್ದರೆ, ಅದನ್ನೂ.